ಬಾವಿಗೆ ಪೆಟ್ರೋಲ್ ಇಳಿದರೆ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆಯೇ?

ಪ್ರಶ್ನೆ: ನಮ್ಮದು ಕರಾವಳಿಯ ಮುರಕಲ್ಲಿನ ಜಾಗ. ಮನೆಯ ತೆರೆದ ಬಾವಿ 11 ಮೀಟರ್ ಆಳ. ಮೇಲ್ಗಡೆ ಸುಮಾರು 60 ಮೀಟರ್ ದೂರದಲ್ಲಿ ಪೆಟ್ರೋಲ್ ಬಂಕ್ ಇದೆ. ಮಾರ್ಚ್‌ನಿಂದ ಬಾವಿ ನೀರಿಗೆ ಪೆಟ್ರೋಲ್ ವಾಸನೆ ಬರುತ್ತಿದೆ. ಸೇದಿದಾಗ ತಿಳಿಯಾಗಿರುವ ನೀರು ಬಕೆಟ್‌ನಲ್ಲಿಟ್ಟ ಅರ್ಧ ಗಂಟೆಗೆ ಕೆಂಪಗಾಗುತ್ತದೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾದ ಪುಡಿ ತಂದು ಸುರಿಯಿರಿ ಎಂದು ಒಬ್ಬರು ಹೇಳುತ್ತಾರೆ. ಏನೂ ಬೇಡ, ಮಣ್ಣಿನ ಬ್ಯಾಕ್ಟೀರಿಯಾಗಳೇ ಎರಡು ಮಳೆಗಾಲದಲ್ಲಿ ತಿಂದು ಮುಗಿಸುತ್ತವೆ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಅದಕ್ಕೂ ಮೊದಲು ಇವತ್ತೇ ಮಾಡಬೇಕಾದ್ದು ಕೆಲವಿದೆ. ಆ ನೀರನ್ನು ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸುವುದನ್ನು ನಿಲ್ಲಿಸಿ. ಕುದಿಸಿದರೆ ಸರಿಹೋಗುವುದಿಲ್ಲ, ಪೆಟ್ರೋಲಿನ ಬೆಂಜೀನ್ ನೀರು ಬಿಟ್ಟು ಅಡುಗೆಮನೆಯ ಗಾಳಿಗೆ ಸೇರುತ್ತದೆ, ಮನೆಯವರೆಲ್ಲ ಅದನ್ನು ಉಸಿರಾಡುತ್ತಾರೆ. ಮನೆಯ ಆರ್‌ಒ ಯಂತ್ರವನ್ನೂ ನಂಬಬೇಡಿ. ಬೆಂಜೀನಿನಂಥ ಸಣ್ಣ ಅಣುವನ್ನು ಅದರ ಪೊರೆ ಸರಿಯಾಗಿ ತಡೆಯುವುದಿಲ್ಲ. ಒಳಗಿರುವ ಇದ್ದಿಲಿನ ಫಿಲ್ಟರ್ ಸ್ವಲ್ಪ ದಿನ ಹಿಡಿದಿಟ್ಟು, ತುಂಬಿದ ಮೇಲೆ ಸುಮ್ಮನೆ ಬಿಟ್ಟುಬಿಡುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬಾವಿಯೊಳಗೇ ಕೂರುತ್ತದೆ. ಹಾಗಾಗಿ ಹೂಳು ತೆಗೆಯಲೆಂದು ಯಾರನ್ನೂ ಇಳಿಸಬೇಡಿ, ಕಟ್ಟೆಯ ಹತ್ತಿರ ಬೆಂಕಿ ಹಚ್ಚಬೇಡಿ. ನೀರಿನ ಮೇಲೆ ಎಣ್ಣೆಯ ಪದರ ಕಂಡರೆ ಮೋಟಾರ್ ಚಾಲೂ ಮಾಡಲೇಬೇಡಿ.

ಇನ್ನು ನಿಮ್ಮ ಪ್ರಶ್ನೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಪೆಟ್ರೋಲನ್ನು ತಿನ್ನುವ ಬ್ಯಾಕ್ಟೀರಿಯಾಗಳು ನಿಜವಾಗಿಯೂ ಇವೆ, ನಿಮ್ಮ ಬಾವಿಯ ಸುತ್ತಲಿನ ಮಣ್ಣಿನಲ್ಲಿ ಈಗಾಗಲೇ ಇವೆ. ನೆಲದಡಿಯ ಮರಳು, ಮಣ್ಣಿನ ಕಣಗಳಿಗೆ ಅಂಟಿಕೊಂಡು ಲೋಳೆಯಂಥ ಪದರ ಕಟ್ಟಿ ಬದುಕುವ ಜೀವಿಗಳು ಅವು. ಪೆಟ್ರೋಲ್ ಬಂದು ಮುಟ್ಟಿದ ಕೂಡಲೇ ಅದನ್ನು ಜೀರ್ಣಿಸಿಕೊಳ್ಳಬಲ್ಲವು ಹೆಚ್ಚುತ್ತಾ ಹೋಗುತ್ತವೆ. ಅಲ್ಲಿ ಕೊರತೆಯಾಗುವುದು ಬ್ಯಾಕ್ಟೀರಿಯಾ ಅಲ್ಲ, ಅವುಗಳ ಉಸಿರಿಗೆ ಬೇಕಾದ ವಸ್ತು. ಇದೊಂದು ಅರ್ಥವಾದರೆ ಪುಡಿ ಯಾಕೆ ಬೇಡ, ಸುಮ್ಮನೆ ಕೂರುವುದೂ ಯಾಕೆ ಬೇಡ ಎರಡೂ ತಿಳಿಯುತ್ತದೆ.

ಪೆಟ್ರೋಲಿನಲ್ಲಿ ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳಿವೆ. ನೀರಿನಲ್ಲಿ ಕರಗಿ ದೂರ ಹೋಗಿ ತೊಂದರೆ ಕೊಡುವವು ಮುಖ್ಯವಾಗಿ ನಾಲ್ಕು: ಬೆಂಜೀನ್, ಟಾಲ್ವಿನ್, ಈಥೈಲ್‌ಬೆಂಜೀನ್, ಕ್ಸೈಲೀನ್. ನಾಲ್ಕರಲ್ಲಿ ಬೆಂಜೀನೇ ಹೆಚ್ಚು ಕರಗುವುದು, ಅದೇ ಹೆಚ್ಚು ಅಪಾಯದ್ದು. ರಕ್ತದ ಕ್ಯಾನ್ಸರ್ ತರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಆದರೆ ನೀರಿನಲ್ಲಿರುವ ಬೆಂಜೀನ್ ಮೂಗಿಗೆ ಗೊತ್ತಾಗಬೇಕಾದರೆ ಲೀಟರಿಗೆ ಸುಮಾರು 10 ಮಿಲಿಗ್ರಾಂ ಬೇಕು, ಅಂದರೆ ಮಿತಿಯ ಸಾವಿರ ಪಟ್ಟು. ಹಾಗಾಗಿ ನಾಳೆ ವಾಸನೆ ನಿಂತಿತು ಎಂದು ನೀರು ಕುಡಿಯಲು ಶುರುಮಾಡಬೇಡಿ.

ಆಮ್ಲಜನಕ ಇರುವಲ್ಲಿ ಬ್ಯಾಕ್ಟೀರಿಯಾ ಬೆಂಜೀನನ್ನು ಒಡೆಯುವ ಬಗೆ ಹೀಗಿದೆ. ಬೆಂಜೀನ್ ಅಂದರೆ ಆರು ಇಂಗಾಲದ ಪರಮಾಣುಗಳ ಬಳೆ. ಸುಲಭಕ್ಕೆ ಮುರಿಯದ ಬಳೆ. ಬ್ಯಾಕ್ಟೀರಿಯಾದ ಒಂದು ಕಿಣ್ವ ಆ ಬಳೆಯ ಮೇಲೆ ಆಮ್ಲಜನಕದ ಎರಡು ಪರಮಾಣುಗಳನ್ನು ಕೂರಿಸುತ್ತದೆ. ಮುಂದಿನ ಹಂತದಲ್ಲಿ ಅದು ಕ್ಯಾಟೆಕಾಲ್ ಆಗುತ್ತದೆ. ಮತ್ತೊಂದು ಕಿಣ್ವ ಅಲ್ಲಿಗೇ ಹೊಡೆದು ಬಳೆಯನ್ನು ಬಿಚ್ಚುತ್ತದೆ. ಬಿಚ್ಚಿದ ಮೇಲೆ ಅದು ಬ್ಯಾಕ್ಟೀರಿಯಾಕ್ಕೆ ಅನ್ನವಿದ್ದಂತೆ. ಸ್ವಲ್ಪ ಭಾಗ ಮೈಯಾಗುತ್ತದೆ, ಉಳಿದದ್ದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗುತ್ತದೆ. ಇಲ್ಲಿ ಆಮ್ಲಜನಕ ಎರಡು ಕಡೆ ಖರ್ಚಾಗುತ್ತದೆ, ಬಳೆ ಮುರಿಯಲಿಕ್ಕೂ ಉಸಿರಾಟಕ್ಕೂ.

ಲೆಕ್ಕ ನೋಡಿ. 1 ಗ್ರಾಂ ಬೆಂಜೀನ್ ಪೂರ್ತಿ ಉರಿಯಲು 3.1 ಗ್ರಾಂ ಆಮ್ಲಜನಕ ಬೇಕು. ನಮ್ಮ ಹವೆಗೆ ಗಾಳಿ ಚೆನ್ನಾಗಿ ಬೆರೆತ ನೀರಿನಲ್ಲಿ ಕರಗಿರುವುದು ಲೀಟರಿಗೆ ಸುಮಾರು 8 ಮಿಲಿಗ್ರಾಂ ಮಾತ್ರ. ಅಷ್ಟೂ ಬಳಕೆಯಾದರೂ ಒಂದು ಲೀಟರ್ ನೀರಿನಲ್ಲಿ ಎರಡೂವರೆ ಮಿಲಿಗ್ರಾಂ ಬೆಂಜೀನ್ ಒಡೆಯಬಹುದು, ಅಷ್ಟೇ. ಇದನ್ನೇ ಪೆಟ್ರೋಲಿಗೆ ಹಾಕಿದರೆ, ನೆಲಕ್ಕೆ ಇಳಿದ ಒಂದೇ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.5 ಕಿಲೋ ಆಮ್ಲಜನಕ ಬೇಕು. ಅಂದರೆ 3 ಲಕ್ಷ ಲೀಟರ್ ತಾಜಾ ನೀರು, 12,000 ಲೀಟರಿನ 25 ಟ್ಯಾಂಕರ್. ನಿಮ್ಮ ಕಡೆ ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೂ 1,000 ಚದರಡಿ ಮಾಡಿನ ಮೇಲೆ ಇಡೀ ವರ್ಷ ಬೀಳುವ ನೀರು ಸುಮಾರು ಅಷ್ಟೇ. ಒಂದು ವರ್ಷದ ಮಾಡಿನ ನೀರು ಒಂದು ಲೀಟರ್ ಪೆಟ್ರೋಲಿಗೆ ಸರಿಹೋಯಿತು! ಬಂಕಿನ ಟ್ಯಾಂಕಿನಿಂದಲೋ ಪೈಪಿನಿಂದಲೋ ದಿನಕ್ಕೆ ಎರಡು ಲೀಟರ್ ಜಿನುಗಿದರೂ ಆರು ತಿಂಗಳಿಗೆ 360 ಲೀಟರ್ ಆಗುತ್ತದೆ. ಎರಡು ಮಳೆಗಾಲದ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಹಾಗಾದರೆ ಆಮ್ಲಜನಕ ಮುಗಿದ ಮೇಲೆ ಕೆಲಸ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಬೇರೆ ಬ್ಯಾಕ್ಟೀರಿಯಾಗಳು ಕೈಹಾಕುತ್ತವೆ, ಬೇರೆ ವಸ್ತುವನ್ನು ಉಸಿರಾಡುತ್ತವೆ. ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಆಮೇಲೆ ಮಣ್ಣಿನ ತುಕ್ಕು ಅಂದರೆ ಕಬ್ಬಿಣ, ನಂತರ ಸಲ್ಫೇಟ್, ಕೊನೆಗೆ ಏನೂ ಉಳಿಯದಿದ್ದಾಗ ಮೀಥೇನ್ ಹುಟ್ಟುತ್ತದೆ. ಒಂದೊಂದು ಮೆಟ್ಟಿಲು ಇಳಿದಂತೆ ಬ್ಯಾಕ್ಟೀರಿಯಾಕ್ಕೆ ಸಿಗುವ ಶಕ್ತಿ ಕಡಿಮೆ, ಕೆಲಸವೂ ನಿಧಾನ. ಈ ಹಂತಗಳಲ್ಲಿ ಟಾಲ್ವಿನ್ ಬೇಗ ಹೋಗುತ್ತದೆ. ಅದರ ಬಳೆಗೆ ಪಾತ್ರೆಯ ಹಿಡಿಯಂತೆ ಒಂದು ಮೀಥೈಲ್ ಗುಂಪು ಅಂಟಿಕೊಂಡಿದೆ, ಆಮ್ಲಜನಕವಿಲ್ಲದೆಯೂ ಕಿಣ್ವ ಅಲ್ಲಿ ಹಿಡಿಯಬಲ್ಲದು. ಬೆಂಜೀನಿಗೆ ಆ ಹಿಡಿ ಇಲ್ಲ. ಆದ್ದರಿಂದ ಅತಿ ಕೆಟ್ಟದ್ದೇ ಕೊನೆಗೆ ಉಳಿಯುತ್ತದೆ.

ನಿಮ್ಮ ಬಕೆಟ್ ಹೇಳುತ್ತಿರುವುದೂ ಇದನ್ನೇ. ಮುರಕಲ್ಲು ಕೆಂಪಗಿರುವುದು ಕಬ್ಬಿಣದಿಂದ. ತುಕ್ಕಿನ ರೂಪದಲ್ಲಿರುವಾಗ ಅದು ನೀರಿನಲ್ಲಿ ಕರಗುವುದಿಲ್ಲ. ಬ್ಯಾಕ್ಟೀರಿಯಾ ಅದನ್ನು ಉಸಿರಾಡಿದಾಗ ಕರಗುವ ರೂಪಕ್ಕೆ ತಿರುಗಿ, ಬಣ್ಣವಿಲ್ಲದೆ ನೀರಿಗೆ ಬರುತ್ತದೆ. ಮೇಲೆ ಸೇದಿ ಗಾಳಿ ತಾಕಿದ ಮೇಲೆ ಮತ್ತೆ ತುಕ್ಕಾಗಿ ಬಕೆಟ್‌ನ ತಳದಲ್ಲಿ ಕೂರುತ್ತದೆ. ಈ ದಾರಿಯಲ್ಲಿ 1 ಮಿಲಿಗ್ರಾಂ ಬೆಂಜೀನ್ ಪೂರ್ತಿ ಒಡೆದರೆ 21 ಮಿಲಿಗ್ರಾಂ ಕಬ್ಬಿಣ ಕರಗಿ ಬರುತ್ತದೆ. ಹೀಗೆ ಕಬ್ಬಿಣವನ್ನು ಉಸಿರಾಡುವ ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ಡೆರೆಕ್ ಲವ್ಲಿ 1987ರಲ್ಲಿ ಅಮೆರಿಕದ ಪೊಟೋಮ್ಯಾಕ್ ನದಿಯ ಕೆಸರಿನಲ್ಲಿ ಕಂಡುಹಿಡಿದರು. ಅದು ಟಾಲ್ವಿನನ್ನು ತಿನ್ನುತ್ತದೆ. ಹಾಗಾಗಿ ಕೆಂಪು ನೀರು ಕಂಡಾಗ ಗಾಬರಿಯ ಜೊತೆಗೆ ಒಂದು ಸಮಾಧಾನವೂ ಇದೆ, ಕೆಳಗೆ ಕೆಲಸ ನಡೆದಿದೆ. ಆದರೆ ಆಮ್ಲಜನಕ ಖಾಲಿಯಾಗಿದೆ ಎಂಬುದಕ್ಕೂ ಅದೇ ಸಾಕ್ಷಿ. ಮುರಕಲ್ಲಿನ ಜಾಗದಲ್ಲಿ ಪೆಟ್ರೋಲ್ ಇಲ್ಲದೆಯೂ ಕೆಲವು ಬಾವಿಗಳ ನೀರು ಕೆಂಪಗಾಗುವುದುಂಟು. ಆದ್ದರಿಂದ ಬಂಕಿಗಿಂತ ಮೇಲ್ಗಡೆ ಇರುವ ಯಾರದಾದರೂ ಬಾವಿಯ ನೀರನ್ನು ಪಕ್ಕದಲ್ಲಿಟ್ಟು ಹೋಲಿಸಿ. ಕಬ್ಬಿಣ ಕರಗುವಾಗ ಅದಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ಕೂಡ ಬಿಡುಗಡೆಯಾಗಬಹುದು. ಪರೀಕ್ಷೆಗೆ ಕೊಡುವಾಗ ಅದನ್ನೂ ಸೇರಿಸಿ.

ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಅದೆಲ್ಲ ಪೆಟ್ರೋಲ್ ಅಲ್ಲ. ಬಕೆಟ್‌ನ ನೀರಿನ ಮೇಲಿನ ಪೊರೆಯನ್ನು ಕಡ್ಡಿಯಿಂದ ಮುಟ್ಟಿ ನೋಡಿ. ಗಾಜು ಒಡೆದಂತೆ ಚೂರುಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣದ ಪೊರೆ. ಕಡ್ಡಿ ತೆಗೆದ ತಕ್ಷಣ ಹರಿದು ಮತ್ತೆ ಕೂಡಿಕೊಂಡರೆ ಎಣ್ಣೆ.

ಎಷ್ಟು ವರ್ಷ ಎಂಬುದಕ್ಕೆ ಬರೋಣ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಬೆಮಿಜಿ ಊರಿನ ಬಳಿ 1979ರ ಆಗಸ್ಟ್ 20ರಂದು ಕಚ್ಚಾತೈಲದ ಪೈಪ್‌ಲೈನ್ ಒಡೆದು ಸುಮಾರು 17 ಲಕ್ಷ ಲೀಟರ್ ಚೆಲ್ಲಿತು. ಬಾಚಿ, ಹೀರಿ, ಸುಟ್ಟು ತೆಗೆದ ಮೇಲೂ ಸುಮಾರು 4 ಲಕ್ಷ ಲೀಟರ್ ನೆಲದಲ್ಲೇ ಉಳಿಯಿತು. ಅಲ್ಲಿನ ಭೂವಿಜ್ಞಾನ ಸಂಸ್ಥೆ 1983ರಿಂದ ಆ ಜಾಗವನ್ನು ಬಿಡದೆ ಗಮನಿಸುತ್ತಿದೆ. ಅಲ್ಲಿ ಕಂಡದ್ದು ಎರಡು ವಿಷಯ. ನೀರಿನಲ್ಲಿ ಕರಗಿದ ಬೆಂಜೀನ್, ನೀರು ಹರಿಯುವ ವೇಗಕ್ಕೆ ಹೋಗಬೇಕಾಗಿದ್ದ ದೂರಕ್ಕಿಂತ ಎಷ್ಟೋ ಹಿಂದೆಯೇ ನಿಂತಿತು, ಬ್ಯಾಕ್ಟೀರಿಯಾ ಅದನ್ನು ದಾರಿಯಲ್ಲೇ ತಿನ್ನುತ್ತಿದ್ದವು. ಆದರೆ ಎಣ್ಣೆ ಮಾತ್ರ ನಾಲ್ಕು ದಶಕ ಕಳೆದರೂ ಅಲ್ಲೇ ಇದೆ, ಹೊಸ ಬೆಂಜೀನನ್ನು ನೀರಿಗೆ ಬಿಡುತ್ತಲೇ ಬಂದಿದೆ. ನಿಮ್ಮಲ್ಲಿ ಅನುಕೂಲವೊಂದಿದೆ. ಅಲ್ಲಿನ ನೆಲದಡಿಯ ನೀರು ತಣ್ಣಗೆ, ಕರಾವಳಿಯದು 27-28 ಡಿಗ್ರಿ, ಬ್ಯಾಕ್ಟೀರಿಯಾ ಚುರುಕಾಗಿರುತ್ತವೆ. ಆದರೂ ಮೂಲ ಹಾಗೇ ಇದ್ದರೆ ಚುರುಕುತನ ಏನೂ ಮಾಡಲಾರದು.

ಮೂಲ ತೆಗೆದ ಮೇಲಿನ ಲೆಕ್ಕ ಬೇರೆ. ಬೆಂಜೀನ್ ಅರ್ಧಕ್ಕೆ ಇಳಿಯಲು ಅಂತರ್ಜಲದಲ್ಲಿ 10 ದಿನದಿಂದ 2 ವರ್ಷದವರೆಗೆ ಹಿಡಿಯಬಹುದು. ಆಮ್ಲಜನಕ ಇದೆಯೇ ಇಲ್ಲವೇ ಎಂಬುದರ ಮೇಲೆ ಈ ಅಂತರ. ಲೀಟರಿಗೆ 1,000 ಮೈಕ್ರೋಗ್ರಾಂ ಇರುವುದು 10ಕ್ಕೆ ಬರಬೇಕಾದರೆ ಹೆಚ್ಚುಕಡಿಮೆ ಏಳು ಬಾರಿ ಅರ್ಧವಾಗಬೇಕು. ಅರ್ಧಾಯುಷ್ಯ 6 ತಿಂಗಳಾದರೆ ಮೂರೂವರೆ ವರ್ಷ, 1 ವರ್ಷವಾದರೆ ಏಳು.

ಈಗಿನ ಪೆಟ್ರೋಲಿನಲ್ಲಿ ಇನ್ನೊಂದು ತೊಡಕಿದೆ. ಅದರಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಬ್ಯಾಕ್ಟೀರಿಯಾಗಳಿಗೆ ಬೆಲ್ಲವಿದ್ದಂತೆ. ಮೊದಲು ಅದಕ್ಕೇ ಮುಗಿಬೀಳುತ್ತವೆ, ಇರುವ ಆಮ್ಲಜನಕ, ನೈಟ್ರೇಟ್ ಎಲ್ಲವನ್ನೂ ಅದರ ಮೇಲೆ ಖರ್ಚು ಮಾಡುತ್ತವೆ. ಬೆಂಜೀನ್ ಅಷ್ಟರಲ್ಲಿ ಮುಂದೆ ಸಾಗಿರುತ್ತದೆ. ಹಳೆಯ ಪೆಟ್ರೋಲಿನ ಅನುಭವವನ್ನು ಹಾಗೇ ಇಂದಿಗೆ ಅನ್ವಯಿಸಿದರೆ ಮಾಲಿನ್ಯದ ಉದ್ದವನ್ನು ಕಡಿಮೆ ಅಂದಾಜು ಮಾಡಿದಂತಾಗುತ್ತದೆ.

ಮಳೆಗಾಲದ ಬಗ್ಗೆ ವಿಶೇಷವಾಗಿ ಎಚ್ಚರ ಬೇಕು. ನೀರಿನ ಮಟ್ಟ ಬೇಸಗೆಯಲ್ಲಿ ಇಳಿಯುವಾಗ ತೇಲುವ ಪೆಟ್ರೋಲೂ ಇಳಿದು, ದಾರಿಯುದ್ದಕ್ಕೂ ಮಣ್ಣಿನ ಸಂದುಗಳಿಗೆ ಬಳಿದುಕೊಂಡು ಹೋಗುತ್ತದೆ. ಜೂನ್‌ನಲ್ಲಿ ನೀರು ಮೇಲೇರಿದಾಗ ಬಹುಪಾಲು ಆ ಸಂದುಗಳಲ್ಲೇ ನೀರಿನಡಿ ಸಿಕ್ಕಿಕೊಳ್ಳುತ್ತದೆ. ಬಾವಿಯಲ್ಲಿ ಹೊಸ ಮಳೆನೀರು, ವಾಸನೆ ಇಲ್ಲ. "ಸರಿಹೋಯಿತು" ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಮಾರ್ಚ್‌ನಲ್ಲಿ ನೀರಿಳಿದಾಗ ಸಿಕ್ಕಿಕೊಂಡದ್ದು ಮತ್ತೆ ಒಸರಿ ಬರುತ್ತದೆ. ಆಗಸ್ಟ್‌ನ ಒಂದೇ ರಿಪೋರ್ಟ್ ತೋರಿಸಿ ಯಾರಾದರೂ ಬಾವಿ ಶುದ್ಧ ಎಂದರೆ ಒಪ್ಪಬೇಡಿ.

ಈಗ ಪುಡಿಯ ವಿಚಾರ. ಮಾರುಕಟ್ಟೆಯ ಪೊಟ್ಟಣದ ಬ್ಯಾಕ್ಟೀರಿಯಾ ಜೀವಂತವಾಗಿದ್ದರೂ ಬಾವಿಗೆ ಸುರಿದದ್ದು ಬಾವಿಯಲ್ಲೇ ಇರುತ್ತದೆ. ಮಣ್ಣು ಒಳ್ಳೆಯ ಜರಡಿ, ಬ್ಯಾಕ್ಟೀರಿಯಾ ಹೊಕ್ಕ ಜಾಗದ ಹತ್ತಿರವೇ ಅಂಟಿಕೊಂಡು ನಿಲ್ಲುತ್ತವೆ. ಪೆಟ್ರೋಲ್ ಇರುವ 60 ಮೀಟರ್ ಮೇಲಿನ ಮಣ್ಣಿಗೆ ತಲುಪುವುದಿಲ್ಲ. ತಲುಪಿದರೂ ಆಮ್ಲಜನಕವಿಲ್ಲದ ಕಡೆ ಅವು ಮಾಡುವುದೇನು? ನೆಲದ ಮೇಲೆ ಹರಡಿದ ಎಣ್ಣೆ ಕೆಸರಿಗೆ ಬ್ಯಾಕ್ಟೀರಿಯಾ ಬೆರೆಸಿ, ಉತ್ತು, ಗಾಳಿಯಾಡಿಸಿ ಶುದ್ಧ ಮಾಡುವ ಕೆಲಸ ನಮ್ಮ ದೇಶದಲ್ಲಿ ಚೆನ್ನಾಗಿ ನಡೆದಿದೆ. ಅಲ್ಲಿ ಗಾಳಿ ಸಿಗುತ್ತದೆ, ಅದಕ್ಕೇ ಫಲ ಕೊಡುತ್ತದೆ. ಸಗಣಿ ನೀರು, ಜೀವಾಮೃತ ಸುರಿಯುವ ಸಲಹೆಯೂ ಬರಬಹುದು. ಅದು ಇನ್ನೂ ಕೆಟ್ಟದ್ದು. ಅದರಲ್ಲಿನ ಬೆಲ್ಲ, ಸಗಣಿಯೇ ಉಳಿದ ಆಮ್ಲಜನಕವನ್ನು ನುಂಗುತ್ತವೆ, ಬಾವಿಗೆ ಭೇದಿ ತರುವ ಕ್ರಿಮಿಗಳೂ ಸೇರುತ್ತವೆ. ಬ್ಲೀಚಿಂಗ್ ಪೌಡರ್ ಬೆಂಜೀನನ್ನು ತೆಗೆಯುವುದಿಲ್ಲ, ಕೆಲಸ ಮಾಡುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.

ಹೊರಗಿನಿಂದ ಬ್ಯಾಕ್ಟೀರಿಯಾ ತಂದು ಹಾಕುವುದು ನಿಜಕ್ಕೂ ಅಗತ್ಯವಾಗುವ ಸಂದರ್ಭ ಒಂದಿದೆ. ಕಾರ್ಖಾನೆಗಳಲ್ಲಿ ಲೋಹದ ಜಿಡ್ಡು ತೊಳೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಅಂಥ ದ್ರಾವಕಗಳಲ್ಲಿ. ಅಲ್ಲಿ ಆಟವೇ ತಲೆಕೆಳಗು. ಆ ದ್ರಾವಕವನ್ನು ಬ್ಯಾಕ್ಟೀರಿಯಾ ತಿನ್ನುವುದಿಲ್ಲ, ಉಸಿರಾಡುತ್ತವೆ. ಒಂದೊಂದೇ ಕ್ಲೋರಿನ್ ಕಿತ್ತು ಹಾಕುತ್ತಾ ಹೋಗುತ್ತವೆ. ಬಹಳಷ್ಟು ಜಾತಿಗಳು ಅರ್ಧದಲ್ಲೇ ನಿಲ್ಲುತ್ತವೆ. ಕೊನೆಯವರೆಗೂ ಹೋಗಿ ಅದನ್ನು ನಿರುಪದ್ರವಿ ಎಥಿಲೀನ್ ಆಗಿಸಬಲ್ಲದು ಡಿಹ್ಯಾಲೊಕೊಕಾಯ್ಡಿಸ್ ಎಂಬ ಗುಂಪು. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಇದನ್ನು ಮೊದಲು ಬೇರ್ಪಡಿಸಿ ತೋರಿಸಿತು. ಅದು ಇಲ್ಲದ ಜಾಗದಲ್ಲಿ ಕೆಲಸ ವಿನೈಲ್ ಕ್ಲೋರೈಡ್ ಹಂತದಲ್ಲಿ ಕಟ್ಟಿಕೊಳ್ಳುತ್ತದೆ, ಅದು ಮೂಲಕ್ಕಿಂತ ವಿಷ. ಅಲ್ಲಿ ಬ್ಯಾಕ್ಟೀರಿಯಾ ತಂದು ಹಾಕುವುದಕ್ಕೆ ಅರ್ಥವಿದೆ. ನಿಮ್ಮದು ಪೆಟ್ರೋಲ್, ಅದರ ಅಗತ್ಯವಿಲ್ಲ.

ಆಗಬೇಕಾದ ಮೊದಲ ಕೆಲಸ ಸೋರಿಕೆ ನಿಲ್ಲುವುದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲೆಯ ಕಚೇರಿಗೆ, ಜಿಲ್ಲಾಧಿಕಾರಿಗಳಿಗೆ, ಬಂಕಿಗೆ ಇಂಧನ ಕೊಡುವ ಕಂಪನಿಗೆ ಮೂರೂ ಕಡೆ ಲಿಖಿತವಾಗಿ ಕೊಡಿ. ಟ್ಯಾಂಕ್ ಮತ್ತು ಪೈಪುಗಳ ಒತ್ತಡ ಪರೀಕ್ಷೆ ಆಗಬೇಕು, ದಿನದ ದಾಸ್ತಾನು ಲೆಕ್ಕದ ಪುಸ್ತಕ ತೆಗೆದು ನೋಡಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ತೇಲುವ ಪೆಟ್ರೋಲ್ ಇದ್ದರೆ ಅದನ್ನು ಹೀರಿ ತೆಗೆಯಬೇಕು. ಒಂದು ಲೀಟರ್ ತೆಗೆದರೆ 25 ಟ್ಯಾಂಕರ್ ನೀರಿನ ಕೆಲಸ ಉಳಿಯಿತು ಎಂಬ ಲೆಕ್ಕ ನೆನಪಿಡಿ. ಆಮೇಲೆ ಬಂಕಿಗೂ ನಿಮ್ಮ ಮನೆಗೂ ನಡುವೆ ಕನಿಷ್ಠ ಮೂರು ವೀಕ್ಷಣಾ ಕೊಳವೆಗಳು ಬೇಕು, ಸಾಲಾಗಿ ಅಲ್ಲ, ತ್ರಿಕೋನವಾಗಿ. ಮೂರರ ನೀರಿನ ಮಟ್ಟ ಅಳೆದರೆ ಮಾತ್ರ ಹರಿವಿನ ದಿಕ್ಕು ತಿಳಿಯುತ್ತದೆ. ನೆಲದ ಇಳಿಜಾರು ನೋಡಿ ಊಹಿಸಿದರೆ ಎಷ್ಟೋ ಸಲ ತಪ್ಪುತ್ತದೆ.

ಬ್ಯಾಕ್ಟೀರಿಯಾಗಳಿಗೆ ಉಸಿರು ಕೊಡುವ ಸಾಮಾನ್ಯ ವಿಧಾನ ನೆಲದಡಿಗೆ ಗಾಳಿ ಊದುವುದು. ನೀರು ಹೊತ್ತು ತರುವ ಆಮ್ಲಜನಕಕ್ಕೆ ಹೋಲಿಸಿದರೆ ಗಾಳಿ ಬಹಳ ಅಗ್ಗ: 3 ಲಕ್ಷ ಲೀಟರ್ ನೀರಿನಲ್ಲಿರುವಷ್ಟು ಆಮ್ಲಜನಕ 10 ಘನಮೀಟರ್ ಗಾಳಿಯಲ್ಲಿದೆ. ಮಾಲಿನ್ಯದ ತಳಕ್ಕಿಂತ ಒಂದೆರಡು ಮೀಟರ್ ಕೆಳಗೆ ಜಾಲರಿ ಇರುವ ಕೊಳವೆ ಇಳಿಸಿ, ನಿಮಿಷಕ್ಕೆ 80ರಿಂದ 700 ಲೀಟರ್ ಗಾಳಿ ಊದುತ್ತಾರೆ. ನೀರಿನ ಪ್ರತಿ ಮೀಟರ್ ಆಳಕ್ಕೆ 0.1 ಬಾರ್ ಒತ್ತಡ ಬೇಕು, ಮಣ್ಣಿನ ತಡೆಗೆ ಇನ್ನು ಸ್ವಲ್ಪ. ಅವಸರಕ್ಕೆ ಒತ್ತಡ ಏರಿಸಿದರೆ ಮಣ್ಣು ಬಿರುಕು ಬಿಟ್ಟು ಗಾಳಿಯೆಲ್ಲ ಆ ಬಿರುಕಿನಲ್ಲೇ ಹೊರಟುಹೋಗುತ್ತದೆ. ಬಿಟ್ಟು ಬಿಟ್ಟು ಊದುವುದು ಮೇಲು. ಊದಿದ ಗಾಳಿಯೊಡನೆ ಪೆಟ್ರೋಲ್ ಆವಿ ಹತ್ತಿರದ ಮನೆಯ ನೆಲದಡಿಗೆ ನುಗ್ಗದಂತೆ ಆವಿ ಹೀರುವ ವ್ಯವಸ್ಥೆ ಜೊತೆಗಿರಬೇಕು.

ಆದರೆ ನಿಮ್ಮ ಮುರಕಲ್ಲಿನಲ್ಲಿ ಇದು ಕೈಕೊಡುವ ಸಾಧ್ಯತೆ ಇದೆ. ಕರಗಿದ ಕಬ್ಬಿಣ ಲೀಟರಿಗೆ 10 ಮಿಲಿಗ್ರಾಂ ದಾಟಿದರೆ, ಊದಿದ ಆಮ್ಲಜನಕ ಮೊದಲು ಅದನ್ನು ತುಕ್ಕಾಗಿಸುತ್ತದೆ, ತುಕ್ಕು ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ. 20 ದಾಟಿದರೆ ಈ ವಿಧಾನ ಬೇಡ. ಅಂಥ ಕಡೆ ಸಲ್ಫೇಟ್ ಕೊಡುವುದು ಹೆಚ್ಚು ಸೂಕ್ತ. ಜಿಪ್ಸಂ ಲೀಟರ್ ನೀರಿಗೆ ಸುಮಾರು 2.4 ಗ್ರಾಂ ಕರಗುತ್ತದೆ. ಅದರಲ್ಲಿರುವ ಸಲ್ಫೇಟ್, ಲೆಕ್ಕದಂತೆ, ಸುಮಾರು 290 ಮಿಲಿಗ್ರಾಂ ಬೆಂಜೀನಿಗೆ ಸಾಕು. ಆಮ್ಲಜನಕದ ಎರಡೂವರೆ ಮಿಲಿಗ್ರಾಂ ಎಲ್ಲಿ, ಇದೆಲ್ಲಿ! ಕೆಲಸ ನಿಧಾನ. ಹುಟ್ಟುವ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಮುರಕಲ್ಲಿನ ಕಬ್ಬಿಣವೇ ಬಹುಮಟ್ಟಿಗೆ ಹಿಡಿದು ಕಪ್ಪು ಸಲ್ಫೈಡ್ ಮಾಡುತ್ತದೆ, ಅಷ್ಟರಮಟ್ಟಿಗೆ ನಿಮ್ಮ ಮಣ್ಣು ನಿಮ್ಮ ಪರ. ಇದನ್ನು ಬಂಕಿನ ಹತ್ತಿರದ ಕೊಳವೆಗಳಲ್ಲಿ, ಅಳತೆ ನೋಡಿ, ತಿಳಿದವರು ಮಾಡಬೇಕು. ನೀವೇ ಜಿಪ್ಸಂ ಮೂಟೆ ತಂದು ಬಾವಿಗೆ ಸುರಿಯುವುದು ಬೇಡ.

ಪರೀಕ್ಷೆಗೆ ನೀರು ಕೊಡುವುದರಲ್ಲೇ ಹೆಚ್ಚು ತಪ್ಪಾಗುವುದು. ಸಾಮಾನ್ಯ ಕುಡಿಯುವ ನೀರಿನ ಪರೀಕ್ಷೆಯಲ್ಲಿ ಗಡಸುತನ, ಕ್ಲೋರೈಡ್, ಕೋಲಿಫಾರ್ಮ್ ನೋಡುತ್ತಾರೆ, ಬೆಂಜೀನ್ ನೋಡುವುದಿಲ್ಲ. ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಫಿಯಿಂದ ಬಿಟಿಇಎಕ್ಸ್ (ಬೆಂಜೀನ್ ಸೇರಿ ಮೇಲೆ ಹೇಳಿದ ನಾಲ್ಕರ) ಪರೀಕ್ಷೆ ಬೇಕೆಂದು ಕೇಳಿ. 40 ಮಿಲಿಲೀಟರಿನ ಗಾಜಿನ ಸೀಸೆ, ಆಮ್ಲ ಹಾಕಿದ್ದು, ಅವರೇ ಕೊಡುತ್ತಾರೆ. ಮೇಲಿನ ಟ್ಯಾಂಕಿನ ನಲ್ಲಿಯಿಂದ ತುಂಬಿಸಬೇಡಿ, ಅಷ್ಟರಲ್ಲಿ ಬೆಂಜೀನ್ ಹಾರಿರುತ್ತದೆ. ಬಾವಿಯಲ್ಲಿ ನೀರಿನ ಮೇಲ್ಮೈಗಿಂತ ಒಂದು ಮೀಟರ್ ಕೆಳಗಿನ ನೀರನ್ನು, ಆಳದಲ್ಲಿ ಬಾಯಿ ತೆರೆಯುವ ಮಾದರಿ ಪಾತ್ರೆಯಿಂದ ತೆಗೆದು, ಸೀಸೆಯ ಗೋಡೆಗುಂಟ ನಿಧಾನವಾಗಿ ಅಂಚು ಉಬ್ಬುವವರೆಗೆ ತುಂಬಿಸಿ ಮುಚ್ಚಿ. ಸೀಸೆ ಬೋರಲು ಹಾಕಿ ಬೆರಳಿನಿಂದ ತಟ್ಟಿ. ಒಂದು ಗುಳ್ಳೆ ಓಡಾಡಿದರೂ ಆ ಮಾದರಿ ಬಿಟ್ಟು ಇನ್ನೊಂದು ಸೀಸೆ ತುಂಬಿಸಿ. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಆದಷ್ಟು ಬೇಗ ತಲುಪಿಸಿ, 14 ದಿನದೊಳಗೆ ಪರೀಕ್ಷೆ ಮುಗಿಯಬೇಕು. ರಿಪೋರ್ಟಿನಲ್ಲಿ "ಪತ್ತೆಯಾಗಿಲ್ಲ" ಎಂದಿದ್ದರೆ ಎಷ್ಟರ ಕೆಳಗೆ ಪತ್ತೆಯಾಗಿಲ್ಲ ಎಂದು ಕೇಳಿ. ಯಂತ್ರ 50 ಮೈಕ್ರೋಗ್ರಾಂಗಿಂತ ಕಡಿಮೆ ಕಾಣದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ಬ್ಯಾಕ್ಟೀರಿಯಾ ನಿಜವಾಗಿ ಕೆಲಸ ಮಾಡುತ್ತಿವೆಯೇ, ಬರೀ ಮಳೆನೀರು ಬೆರೆತು ತೆಳುವಾಗಿದೆಯೇ ಎಂದು ಬೇರ್ಪಡಿಸಿ ತಿಳಿಯಲು ಅದೇ ದಿನ ಇನ್ನೂ ಕೆಲವು ಅಳತೆ ಬೇಕು. ಕರಗಿದ ಆಮ್ಲಜನಕ ಮತ್ತು ಕರಗಿದ ಕಬ್ಬಿಣವನ್ನು ಸ್ಥಳದಲ್ಲೇ ಅಳೆಯಬೇಕು, ಪ್ರಯೋಗಾಲಯಕ್ಕೆ ಹೋಗುವಷ್ಟರಲ್ಲಿ ಎರಡೂ ಬದಲಾಗುತ್ತವೆ. ನೈಟ್ರೇಟ್, ಸಲ್ಫೇಟ್, ಕ್ಷಾರೀಯತೆ, ಮೀಥೇನ್ ಪ್ರಯೋಗಾಲಯದಲ್ಲಿ ಆಗಲಿ. ಬಂಕಿನ ಮೇಲ್ಗಡೆಯ ಬಾವಿಗೆ ಹೋಲಿಸಿದರೆ ನಿಮ್ಮಲ್ಲಿ ಆಮ್ಲಜನಕ, ನೈಟ್ರೇಟ್, ಸಲ್ಫೇಟ್ ಇಳಿದು, ಕಬ್ಬಿಣ, ಕ್ಷಾರೀಯತೆ ಏರಿದ್ದರೆ ಅದು ಬ್ಯಾಕ್ಟೀರಿಯಾದ ಕೆಲಸ. ಎಲ್ಲವೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಬರೀ ಬೆರಕೆ.

ಸೋರಿಕೆ ನಿಂತ ಮೇಲೆ ಮೂರು ತಿಂಗಳಿಗೊಮ್ಮೆ, ಕನಿಷ್ಠ ಎರಡು ವರ್ಷ ಹೀಗೆ ನೋಡಬೇಕು. ಎರಡು ಏಪ್ರಿಲ್‌ಗಳ ನೀರೂ 10 ಮೈಕ್ರೋಗ್ರಾಂಗಿಂತ ಕೆಳಗಿದ್ದು, ಕಬ್ಬಿಣ ಮೇಲ್ಗಡೆಯ ಬಾವಿಯ ಮಟ್ಟಕ್ಕೆ ಮರಳಿ, ಆಮ್ಲಜನಕ ಮತ್ತೆ ಕಾಣಿಸಿಕೊಂಡರೆ ಆಗ ಆ ಬಾವಿಯ ನೀರನ್ನು ಅಡುಗೆಮನೆಗೆ ತರಬಹುದು. ಅಲ್ಲಿಯವರೆಗೆ ಕುಡಿಯುವ ನೀರಿಗೆ ಪಂಚಾಯಿತಿಯ ನಲ್ಲಿ ಅಥವಾ ಬಂಕಿನ ಮೇಲ್ಗಡೆಯ, ಪರೀಕ್ಷೆ ಮಾಡಿಸಿದ ಬಾವಿಯನ್ನು ಆಶ್ರಯಿಸಿ.